ಬಾಗಿಲು ಮುಚ್ಚಿದ ಸಾಫ್ಟ್‌ವೇರುಗಳೂ ಗ್ರೇಸ್ ಹಾಪರ್ ಎಂಬ ಅಜ್ಜಿಯೂ

ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕೋ ಕಷ್ಟ ಏನು ಅಂತ ಅನುಭವಿಸಿದವರಿಗೇ ಗೊತ್ತು. ನಮ್ಮ ಟೀಮಿನಲ್ಲಿ ನಾಲ್ಕು ಜನ, ನಾಲ್ಕು ತಾಲ್ಲೂಕು. ಒಬ್ಬ ಶ್ರೀರಂಗಪಟ್ಟಣದವನು, ಒಬ್ಬಳು ಪಾಂಡವಪುರದವಳು, ಇನ್ನೊಬ್ಬ ನಾಗಮಂಗಲ, ನಾನು ಕೆ.ಆರ್. ಪೇಟೆ. ಎಲ್ಲರೂ ಮಾಡೋ ಲೈಬ್ರರಿ ಮ್ಯಾನೇಜ್‌ಮೆಂಟ್ ನಮಗೆ ಬೇಡ ಅಂತ ಹಟ ಹಿಡಿದು ಕೂತಿದ್ದಾಗ ಗೈಡ್ ಆಗಿದ್ದ ಮೇಷ್ಟ್ರು ಒಂದು ಕೆಲಸ ಕೊಟ್ಟರು. ರಜೆಗೆ ಹೇಗೂ ಊರಿಗೆ ಹೋಗ್ತೀರಿ, ನಿಮ್ಮ ನಿಮ್ಮ ಪೇಟೆಯಲ್ಲಿ ಇವತ್ತಿಗೂ ಓಡ್ತಾ ಇರೋ ಅತ್ಯಂತ ಹಳೇ ಸಾಫ್ಟ್‌ವೇರ್ ಯಾವುದು ಅಂತ ಪತ್ತೆ ಮಾಡ್ಕೊಂಡು ಬನ್ನಿ ಅಂದರು.

ನಾನು ಬಹಳ ದೂರ ಹೋಗಬೇಕಾಗಲಿಲ್ಲ. ಕೆ.ಆರ್. ಪೇಟೆಯಲ್ಲಿ ನಮ್ಮ ಸೋದರಮಾವನದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. 2004ರಲ್ಲಿ ಒಬ್ಬ ಹುಡುಗ ಬಂದು ಫಾಕ್ಸ್‌ಪ್ರೋದಲ್ಲಿ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಟ್ಟು ಹೋಗಿದ್ದ. ಯಾವ ರೈತ ಎಷ್ಟು ಚೀಲ ಯೂರಿಯಾ ಸಾಲಕ್ಕೆ ಒಯ್ದ, ಸುಗ್ಗಿಗೆ ಎಷ್ಟು ತೀರಿಸಿದ, ಬಾಕಿ ಎಷ್ಟು, ಎಲ್ಲ ಅದರಲ್ಲೇ. ಆ ಹುಡುಗ ಈಗ ಎಲ್ಲಿದ್ದಾನೋ ಮಾವನಿಗೆ ಗೊತ್ತಿಲ್ಲ. ಸೋರ್ಸ್ ಕೋಡ್ ಕೊಟ್ಟಿರಲಿಲ್ಲ, ಕೇಳಬೇಕು ಅಂತ ಮಾವನಿಗೂ ತಿಳಿದಿರಲಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಬಿಲ್ಲಿನಲ್ಲಿ ಒಂದು ಕಾಲಂ ಸೇರಿಸೋಕೂ ಆಗಲಿಲ್ಲ. ಅವತ್ತಿನಿಂದ ಬಿಲ್ ಬೇರೆ ಕಡೆ, ಸಾಲದ ಲೆಕ್ಕ ಆ ಹಳೇ ಕಂಪ್ಯೂಟರಿನಲ್ಲಿ. ನಾನು ಹೋದಾಗ ಅದರ ಹಾರ್ಡ್‌ಡಿಸ್ಕ್ ಕಟಕಟ ಅಂತಿತ್ತು.

ಉಳಿದವರೂ ಬರಿಗೈಯಲ್ಲಿ ಬರಲಿಲ್ಲ. ಶ್ರೀರಂಗಪಟ್ಟಣದವನು ಒಂದು ಲಾಡ್ಜ್ ನೋಡಿಕೊಂಡು ಬಂದಿದ್ದ. ರೂಮಿನ ಲೆಕ್ಕ ವಿಷುಯಲ್ ಬೇಸಿಕ್ 6ರಲ್ಲಿ, ಅದೂ ಒಂದೇ ಒಂದು ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತೆ. ಪಾಂಡವಪುರದವಳು ಕಂಡದ್ದು ಡಿಟಿಪಿ ಅಂಗಡಿ. ಅಲ್ಲಿ ಮದುವೆ ಕಾರ್ಡು, ನಾಮಕರಣ, ತಿಥಿ ಪತ್ರ ಎಲ್ಲ ಪೇಜ್‌ಮೇಕರಿನಲ್ಲಿ, ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟಿನಲ್ಲಿ. ಆ ಫೈಲನ್ನ ಬೇರೆ ಕಂಪ್ಯೂಟರಿಗೆ ಹಾಕಿದರೆ ವಧುವರರ ಹೆಸರು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಆಗಿ ಕೂತುಬಿಡುತ್ತೆ. ನಾಗಮಂಗಲದವನದು ಎಲ್ಲಕ್ಕಿಂತ ಹಳೇದು. ಒಂದು ಕೊಬ್ಬರಿ ವ್ಯಾಪಾರದ ಅಂಗಡಿಯಲ್ಲಿ ಡಾಸ್ ಮೇಲೆ ಓಡೋ ಕ್ಲಿಪ್ಪರ್ ಪ್ರೋಗ್ರಾಮ್, ಜೊತೆಗೆ ಗರಗರ ಅನ್ನೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್.

ನಾಲ್ಕೂ ಅಂಗಡಿಯ ಕಥೆ ಒಂದೇ. ಪ್ರೋಗ್ರಾಮ್ ಕೆಟ್ಟಿಲ್ಲ. ಅದನ್ನ ಬರೆದ ಉಪಕರಣವನ್ನ ಮಾಡಿದ ಕಂಪನಿ ಕೈಬಿಟ್ಟಿದೆ. ವಿಷುಯಲ್ ಫಾಕ್ಸ್‌ಪ್ರೋದ ಕೊನೇ ಆವೃತ್ತಿ 9. ಇನ್ನು ಮುಂದೆ ಹೊಸದು ಬರಲ್ಲ ಅಂತ ಮೈಕ್ರೋಸಾಫ್ಟ್ 2007ರಲ್ಲೇ ಹೇಳಿತು, 2015ಕ್ಕೆ ಬೆಂಬಲವನ್ನೂ ನಿಲ್ಲಿಸಿತು. ವಿಷುಯಲ್ ಬೇಸಿಕ್ 6 ಬಂದದ್ದು 1998ರಲ್ಲಿ, ಅದರ ಬೆಂಬಲ ಮುಗಿದದ್ದು 2008ರಲ್ಲಿ. ಪೇಜ್‌ಮೇಕರಿನ ಕೊನೇ ಆವೃತ್ತಿ 2001ರದು. ನಗಬೇಡಿ, ಫಸ್ಟ್ ಇಯರ್ ಲ್ಯಾಬಿನಲ್ಲಿ ನೀಲಿ ಪರದೆಯ ಟರ್ಬೋ ಸಿ ನೋಡಿದವರು ನಮ್ಮಲ್ಲೂ ಎಷ್ಟು ಜನ ಇದ್ದೀವಿ! ಅದು 16 ಬಿಟ್ ಕಾಲದ್ದು, ಇವತ್ತಿನ 64 ಬಿಟ್ ವಿಂಡೋಸಿನಲ್ಲಿ ನೇರವಾಗಿ ಓಡೋದೇ ಇಲ್ಲ, ಡಾಸ್‌ಬಾಕ್ಸ್ ಹಾಕಿ ಓಡಿಸಬೇಕು. ಅಂಗಡಿಯವರನ್ನ ಆಡಿಕೊಳ್ಳೋಕೆ ನಮಗೆ ಯಾವ ಹಕ್ಕೂ ಇಲ್ಲ.

ಈ ಸಮಸ್ಯೆ ಯಾವಾಗ ಶುರುವಾಯಿತು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಬ್ಬ ಅಜ್ಜಿ. ಹೆಸರು ಗ್ರೇಸ್ ಹಾಪರ್. ಕಂಪ್ಯೂಟರಿನಲ್ಲಿ ಹುಳ ಸಿಕ್ಕ ಕಥೆಯಿಂದ ಇವರ ಹೆಸರು ನಮಗೆಲ್ಲ ಗೊತ್ತು, ಅಷ್ಟಕ್ಕೇ ಬಿಟ್ಟುಬಿಡ್ತೀವಿ. ಆದರೆ ಆ ಅಜ್ಜಿ ತನ್ನ ಆಯುಸ್ಸಿನ ಬಹುಪಾಲು ಕಳೆದದ್ದು ನಮ್ಮ ಮಾವನ ಅಂಗಡಿಯ ಸಮಸ್ಯೆ ಬಗೆಹರಿಸೋದರಲ್ಲೇ.

ಗಡಿಯಾರ ಬಿಚ್ಚಿದ ಹುಡುಗಿ

ಗ್ರೇಸ್ ಬ್ರೂಸ್ಟರ್ ಮರ್ರೇ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದವಳಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತೆ ಅನ್ನೋ ಕುತೂಹಲ ಬಂತು. ಒಂದನ್ನ ಬಿಚ್ಚಿದಳು, ಜೋಡಿಸೋಕೆ ಬರಲಿಲ್ಲ. ಅದನ್ನ ನೋಡಿ ತಿಳಿಯೋಣ ಅಂತ ಇನ್ನೊಂದು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳೂ ಗಡಿಯಾರ ಬಿಚ್ಚಿಹೋದವು. ತಾಯಿ ಬೈದು ಬಾಯಿ ಮುಚ್ಚಿಸಲಿಲ್ಲ, ಇನ್ನು ಮೇಲೆ ಒಂದೇ ಗಡಿಯಾರ ಬಿಚ್ಚಬೇಕು ಅಂತ ಕಟ್ಟಳೆ ಹಾಕಿದರು.

ವಾಸರ್ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರ ಓದಿ 1928ರಲ್ಲಿ ಪದವಿ. ಯೇಲ್ ವಿಶ್ವವಿದ್ಯಾಲಯದಲ್ಲಿ 1930ರಲ್ಲಿ ಎಂ.ಎ., 1934ರಲ್ಲಿ ಗಣಿತದಲ್ಲಿ ಪಿಎಚ್.ಡಿ. ಹೆಣ್ಣುಮಕ್ಕಳು ಗಣಿತದಲ್ಲಿ ಡಾಕ್ಟರೇಟ್ ತೆಗೆದುಕೊಳ್ಳೋದು ಅಮೆರಿಕದಲ್ಲೂ ಬಲು ಅಪರೂಪ ಆಗಿದ್ದ ಕಾಲ ಅದು. 1930ರಲ್ಲೇ ವಿನ್ಸೆಂಟ್ ಹಾಪರ್ ಅವರನ್ನ ಮದುವೆಯಾದರು. 1945ರಲ್ಲಿ ವಿಚ್ಛೇದನ ಆಯಿತು, ಹೆಸರು ಮಾತ್ರ ಹಾಪರ್ ಅಂತಲೇ ಉಳಿಯಿತು. 1931ರಿಂದ ವಾಸರ್‌ನಲ್ಲೇ ಪಾಠ. ಕೈತುಂಬ ಕೆಲಸ, ಭದ್ರವಾದ ನೌಕರಿ. ಬೇರೆಯವರಾಗಿದ್ದರೆ ಅಲ್ಲೇ ನಿವೃತ್ತರಾಗುತ್ತಿದ್ದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಗ್ರೇಸ್ ಅವರ ಮುತ್ತಜ್ಜ ಅಮೆರಿಕದ ನೌಕಾಪಡೆಯಲ್ಲಿ ಅಡ್ಮಿರಲ್ ಆಗಿದ್ದವರು. ತಾನೂ ಸೇರಬೇಕು ಅಂತ ಅರ್ಜಿ ಹಾಕಿದರೆ, ವಯಸ್ಸು ಜಾಸ್ತಿ, ತೂಕ ಕಮ್ಮಿ ಅಂತ ವಾಪಸ್ ಬಂತು. ಇರಬೇಕಾದ ತೂಕಕ್ಕಿಂತ ಸುಮಾರು 7 ಕೆ.ಜಿ. ಕಡಿಮೆ ಇದ್ದ ಸಣಕಲು ಮೇಡಂ ಅವರು. ಬಿಡಲಿಲ್ಲ. ವಿನಾಯಿತಿ ಪಡೆದು 1943ರ ಡಿಸೆಂಬರಿನಲ್ಲಿ ಮೀಸಲು ನೌಕಾಪಡೆಗೆ ಸೇರಿದರು. ತಮ್ಮ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿಯರ ಜೊತೆ ಕವಾಯತು ಮಾಡಿ, 1944ರಲ್ಲಿ ತರಬೇತಿಯಲ್ಲಿ ಮೊದಲ ಸ್ಥಾನ ಪಡೆದರು. ಹಡಗಿಗೆ ಕಳಿಸುತ್ತಾರೆ ಅಂದುಕೊಂಡರೆ, ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿತ್ತು ಮಾರ್ಕ್ 1.

ಐವತ್ತೊಂದು ಅಡಿ ಉದ್ದದ ಯಂತ್ರ

ಮಾರ್ಕ್ 1 ಅಂದರೆ 51 ಅಡಿ ಉದ್ದದ, ಸುಮಾರು 5 ಟನ್ ತೂಕದ ಲೆಕ್ಕದ ಯಂತ್ರ. ಸೆಕೆಂಡಿಗೆ ಮೂರು ಸಂಕಲನ ಮಾಡುತ್ತಿತ್ತು, ಒಂದು ಗುಣಾಕಾರಕ್ಕೆ ಸುಮಾರು ಆರು ಸೆಕೆಂಡ್. ನಮ್ಮ ಜೇಬಿನಲ್ಲಿರೋ ಫೋನಿನ ಮುಂದೆ ಅದು ಎತ್ತಿನಗಾಡಿಯೂ ಅಲ್ಲ. ಆದರೆ ಅವತ್ತಿಗೆ ಅದೇ ದೊಡ್ಡ ಅದ್ಭುತ. ಅಲ್ಲಿನ ಮುಖ್ಯಸ್ಥ ಹೊವರ್ಡ್ ಐಕೆನ್ ಮಹಾ ಶಿಸ್ತಿನ ಮನುಷ್ಯ. ಯಂತ್ರಕ್ಕೊಂದು ಕೈಪಿಡಿ ಬರಿ ಅಂತ ಹಾಪರ್‌ಗೆ ಹೇಳಿದರು. 500 ಪುಟಕ್ಕೂ ಮೀರಿದ ಆ ಕೈಪಿಡಿ 1946ರಲ್ಲಿ ಅಚ್ಚಾಯಿತು.

ಪ್ರೋಗ್ರಾಮ್ ಬರೆಯೋದು ಅಂದರೆ ಕಾಗದದ ಪಟ್ಟಿಯಲ್ಲಿ ತೂತು ಹೊಡೆಯೋದು. ಸೈನ್, ಕೊಸೈನ್ ಬೇಕು ಅಂದರೆ ಪ್ರತಿ ಸಲವೂ ಹೊಸದಾಗಿ ಬರೆಯಬೇಕು. ಹಾಪರ್ ಮತ್ತು ಜೊತೆಗಾರರು ಸರಿಯಾಗಿ ಕೆಲಸ ಮಾಡಿದ ತುಣುಕುಗಳನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಒಬ್ಬರದನ್ನ ಒಬ್ಬರು ಕಾಪಿ ಹೊಡೀತಿದ್ದರು. ಲ್ಯಾಬ್ ರೆಕಾರ್ಡ್ ಬರೆಯೋ ನಮ್ಮ ಸಂಪ್ರದಾಯ ಎಷ್ಟು ಪುರಾತನ ನೋಡಿ! ಕಾಪಿ ಮಾಡುವಾಗ ನಮ್ಮ ಹಾಗೇ ತಪ್ಪೂ ಮಾಡ್ತಿದ್ದರು. ನಕಲು ಮಾಡೋ ಕೆಲಸದಲ್ಲಿ ಮನುಷ್ಯ ತಪ್ಪುತ್ತಾನೆ, ಯಂತ್ರ ತಪ್ಪಲ್ಲ ಅನ್ನೋ ಅರಿವು ಹಾಪರ್‌ಗೆ ಅಲ್ಲೇ ಆಯಿತು. ಮುಂದಿನದಕ್ಕೆಲ್ಲ ಬೀಜ ಇದೇ.

ಇನ್ನು ಆ ಹುಳದ ಕಥೆ. 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಯಂತ್ರದ ರಿಲೇಯೊಳಗೆ ಒಂದು ಪತಂಗ ಸಿಕ್ಕಿ ಸತ್ತಿತ್ತು. ಅದನ್ನ ತೆಗೆದು ಲಾಗ್ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು ಅನ್ನೋ ಅರ್ಥದಲ್ಲಿ ತಮಾಷೆಯಾಗಿ ಬರೆದರು. ಆ ಪುಟ ಪತಂಗದ ಸಮೇತ ಇವತ್ತಿಗೂ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಆದರೆ ಯಂತ್ರದ ದೋಷಕ್ಕೆ ಬಗ್ ಅನ್ನೋ ಮಾತು ಅದಕ್ಕೂ ಎಷ್ಟೋ ಹಿಂದೆ, ಎಡಿಸನ್ ಕಾಲದಿಂದ ಬಳಕೆಯಲ್ಲಿತ್ತು. ಹುಳ ಹಿಡಿದವರೂ ಹಾಪರ್ ಅಲ್ಲ. ಅವರು ಕಥೆ ಚೆನ್ನಾಗಿ ಹೇಳ್ತಿದ್ದರು, ಹಾಗಾಗಿ ಕಥೆ ಅವರ ಹೆಸರಿಗೇ ಅಂಟಿಕೊಂಡಿತು.

ಯುದ್ಧ ಮುಗಿದ ಮೇಲೆ ವಾಸರ್ ಕಾಲೇಜು ಪೂರ್ಣ ಪ್ರೊಫೆಸರ್ ಹುದ್ದೆ ಕೊಡ್ತೀವಿ ಅಂದರೂ ಒಪ್ಪದೆ ಹಾರ್ವರ್ಡ್‌ನಲ್ಲೇ ಉಳಿದರು. 1949ಕ್ಕೆ ಅಲ್ಲಿನ ಅವಧಿ ಮುಗಿಯಿತು. ಹಾರ್ವರ್ಡ್‌ನಲ್ಲಿ ಹೆಂಗಸರಿಗೆ ಮುಂದಿನ ದಾರಿ ಇರಲಿಲ್ಲ. ಆ ವರ್ಷಗಳು ಅವರಿಗೆ ಸುಲಭದವಲ್ಲ. ಸಂಸಾರ ಮುರಿದಿತ್ತು, ಕುಡಿತ ಹತ್ತಿಕೊಂಡಿತ್ತು, ಸ್ನೇಹಿತರು ಗಾಬರಿಯಾಗೋ ಮಟ್ಟಕ್ಕೆ ಹೋಗಿತ್ತು. ಅಡ್ಮಿರಲ್ ಯೂನಿಫಾರ್ಮಿನ ಫೋಟೋ ನೋಡಿ ಇವರು ಹುಟ್ಟಿನಿಂದಲೇ ಗಟ್ಟಿಗಿತ್ತಿ ಅಂದುಕೊಳ್ಳೋರು ಈ ಭಾಗವನ್ನೂ ತಿಳಿದಿರಬೇಕು.

ಯಂತ್ರಕ್ಕೇ ಕೆಲಸ ಹೇಳಿದವರು

1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಅನ್ನೋ ಸಣ್ಣ ಕಂಪನಿ ಸೇರಿದರು. ಇವತ್ತಿನ ಭಾಷೆಯಲ್ಲಿ ಸ್ಟಾರ್ಟಪ್. ಯೂನಿವ್ಯಾಕ್ ಕಂಪ್ಯೂಟರ್ ಕಟ್ಟುತ್ತಿದ್ದರು, ಕೈಯಲ್ಲಿ ಕಾಸಿಲ್ಲ. ಮರುವರ್ಷವೇ ರೆಮಿಂಗ್ಟನ್ ರ‍್ಯಾಂಡ್ ಕಂಪನಿ ಅದನ್ನ ಕೊಂಡುಕೊಂಡಿತು.

ಅಲ್ಲಿ ಹಾಪರ್ ಆ ಹಳೇ ನೋಟ್‌ಬುಕ್ಕಿನ ತಲೆನೋವಿಗೆ ಮದ್ದು ಹುಡುಕಿದರು. ತುಣುಕುಗಳನ್ನೆಲ್ಲ ಟೇಪಿನಲ್ಲಿ ಇಟ್ಟು, ಒಂದೊಂದಕ್ಕೂ ಒಂದೊಂದು ಸಂಕೇತ ಕೊಟ್ಟರು. ಪ್ರೋಗ್ರಾಮ್ ಬರೆಯೋರು ಸಂಕೇತ ಬರೆದರೆ ಸಾಕು, ತುಣುಕನ್ನ ಹುಡುಕಿ, ನಕಲು ಮಾಡಿ, ವಿಳಾಸ ಸರಿಹೊಂದಿಸಿ ಜೋಡಿಸೋದು ಕಂಪ್ಯೂಟರಿನ ಕೆಲಸ. ಇದೇ 1952ರ ಎ-0. ಕಂಪೈಲರ್ ಅನ್ನೋ ಹೆಸರು ಇಟ್ಟದ್ದೂ ಅವರೇ. ಇವತ್ತಿನ ಲೆಕ್ಕದಲ್ಲಿ ಅದು ಲಿಂಕರ್, ಲೋಡರ್ ಕೆಲಸಕ್ಕೆ ಹತ್ತಿರ. ಆದರೂ ಆಗ ಅದನ್ನ ನಂಬೋರೇ ಇರಲಿಲ್ಲ. ಕಂಪ್ಯೂಟರ್ ಲೆಕ್ಕ ಮಾಡುತ್ತೆ, ಪ್ರೋಗ್ರಾಮ್ ಬರೆಯೋದು ಎಲ್ಲಾದರೂ ಉಂಟೇ ಅನ್ನೋ ಧೋರಣೆ.

ಈಗ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದ ಒಂದು ಸಂಗತಿ. 1953ರ ಕೊನೆಗೆ ಎ-2 ಅನ್ನೋ ಮುಂದಿನ ಆವೃತ್ತಿ ಗ್ರಾಹಕರ ಕೈ ಸೇರಿದಾಗ ಸೋರ್ಸ್ ಕೋಡ್ ಜೊತೆಗೇ ಹೋಯಿತು. ಸುಧಾರಣೆ ಏನಾದರೂ ಮಾಡಿದರೆ ನಮಗೂ ಕಳಿಸಿ ಅಂತ ಗ್ರಾಹಕರನ್ನ ಕೇಳಿಕೊಂಡರು. ಓಪನ್ ಸೋರ್ಸ್ ಅನ್ನೋ ಹೆಸರು ಹುಟ್ಟೋಕೆ ಇನ್ನೂ 45 ವರ್ಷ ಇತ್ತು. ನಮ್ಮ ಮಾವನ ಅಂಗಡಿಗೆ 2004ರಲ್ಲಿ ಸಿಗದೇ ಹೋದದ್ದು ಯೂನಿವ್ಯಾಕ್ ಗ್ರಾಹಕರಿಗೆ 1953ರಲ್ಲೇ ಸಿಕ್ಕಿತ್ತು!

ಮುಂದಿನ ಹೆಜ್ಜೆ ಇನ್ನೂ ಧೈರ್ಯದ್ದು. ಗಣಿತ ಬಲ್ಲವರಿಗೆ ಚಿಹ್ನೆಗಳು ಸರಿ. ಅಂಗಡಿ, ಬ್ಯಾಂಕು, ಕಾರ್ಖಾನೆಯ ಲೆಕ್ಕ ಬರೆಯೋರಿಗೆ ಮಾಮೂಲಿ ಮಾತೇ ವಾಸಿ ಅಂತ ಹಾಪರ್ ಲೆಕ್ಕಾಚಾರ. ಇಂಗ್ಲಿಷ್ ಪದಗಳಲ್ಲಿ ಆದೇಶ ಬರೆಯುವ ಭಾಷೆ ಮಾಡಿದರು. ಮೊದಲು ಅದರ ಹೆಸರು ಬಿ-0, ಆಮೇಲೆ ಫ್ಲೋ-ಮ್ಯಾಟಿಕ್. ಇದನ್ನ ಮೇಲಿನವರಿಗೆ ತೋರಿಸುವಾಗ ಒಂದು ತಮಾಷೆ ನಡೆಯಿತು. ಪ್ರೋಗ್ರಾಮನ್ನ ಇಂಗ್ಲಿಷಿನಲ್ಲಿ ಓಡಿಸಿ ತೋರಿಸಿದರು. ಯಂತ್ರಕ್ಕೆ ಇಂಗ್ಲಿಷೇ ಆಗಬೇಕು ಅಂತೇನಿಲ್ಲ, ಪದ ಅಂದರೆ ಅದಕ್ಕೆ ಬರೀ ಗುರುತು ಅಂತ ತಿಳಿಸೋಕೆ ಅದೇ ಪ್ರೋಗ್ರಾಮನ್ನ ಫ್ರೆಂಚ್ ಪದಗಳಲ್ಲೂ ಜರ್ಮನ್ ಪದಗಳಲ್ಲೂ ಓಡಿಸಿಬಿಟ್ಟರು. ಮೇಲಿನವರು ಬೆಚ್ಚಿಬಿದ್ದರು. ಅಮೆರಿಕದಲ್ಲಿ ಮಾಡಿದ ಕಂಪ್ಯೂಟರ್ ಫ್ರೆಂಚ್, ಜರ್ಮನ್ ತಿಳಿಯುತ್ತೆ ಅಂದರೆ ಅದೆಲ್ಲಿಯ ಮಾತು ಅಂತ! ಇಂಗ್ಲಿಷ್ ಒಂದೇ ಇರುತ್ತೆ ಅಂತ ಸಮಾಧಾನ ಮಾಡೋಕೆ ಹಾಪರ್‌ಗೆ ತಿಂಗಳುಗಟ್ಟಲೆ ಹಿಡಿಯಿತು. ಕನ್ನಡ ಸಂಘದವರಾದ ನಾವು ಇದನ್ನ ಎರಡು ಸಲ ಓದಬೇಕು. ಕಂಪ್ಯೂಟರಿಗೆ ಯಾವ ಭಾಷೆಯ ಮೇಲೂ ಪಕ್ಷಪಾತ ಇಲ್ಲ ಅಂತ 1950ರ ದಶಕದಲ್ಲೇ ಒಬ್ಬರು ಮಾಡಿ ತೋರಿಸಿದ್ದರು.

ಒಬ್ಬೊಬ್ಬ ವ್ಯಾಪಾರಿಗೂ ಒಂದೊಂದು ಸೇರು

ಫ್ಲೋ-ಮ್ಯಾಟಿಕ್ ಚೆನ್ನಾಗಿತ್ತು. ಆದರೆ ಅದು ಯೂನಿವ್ಯಾಕ್‌ಗೆ ಮಾತ್ರ. ಐಬಿಎಂ ತನ್ನದೇ ಬೇರೆ ಭಾಷೆ ಮಾಡುತ್ತಿತ್ತು, ಹನಿವೆಲ್ ಮತ್ತೊಂದು. ಸಂತೆಯಲ್ಲಿ ಒಬ್ಬೊಬ್ಬ ವ್ಯಾಪಾರಿ ಒಂದೊಂದು ಅಳತೆಯ ಸೇರು ಇಟ್ಟುಕೊಂಡರೆ ಏನಾಗುತ್ತೋ ಅದೇ ಆಯಿತು. ಒಂದು ಕಂಪನಿಯ ಕಂಪ್ಯೂಟರ್ ಕೊಂಡವರು ವರ್ಷಗಟ್ಟಲೆ ಕೂತು ಪ್ರೋಗ್ರಾಮ್ ಬರೆಸುತ್ತಾರೆ. ಆ ಕಂಪನಿ ಬೆಲೆ ಏರಿಸಿದರೂ, ಯಂತ್ರವನ್ನೇ ಕೈಬಿಟ್ಟರೂ ಬೇರೆ ಕಡೆ ಹೋಗೋ ಹಾಗಿಲ್ಲ. ಹೋದರೆ ಎಲ್ಲ ಮೊದಲಿಂದ ಬರೆಯಬೇಕು. ಎಲ್ಲರಿಗಿಂತ ಹೆಚ್ಚು ಸಿಕ್ಕಿಹಾಕಿಕೊಂಡಿದ್ದು ಅಮೆರಿಕದ ರಕ್ಷಣಾ ಇಲಾಖೆ. 1959ರಲ್ಲಿ ಅವರ ಬಳಿ 225 ಕಂಪ್ಯೂಟರುಗಳಿದ್ದವು, ಇನ್ನೂ 175ಕ್ಕೆ ಆರ್ಡರ್ ಕೊಟ್ಟಿದ್ದರು. ಪ್ರೋಗ್ರಾಮ್ ಬರೆಸೋಕೇ 20 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿತ್ತು.

ಆಗ ಬರೋಸ್ ಕಂಪನಿಯ ಮೇರಿ ಹಾಸ್ ಎಂಬ ಹೆಣ್ಣುಮಗಳು ಎಲ್ಲ ಯಂತ್ರಕ್ಕೂ ಹೊಂದುವ ಒಂದೇ ವ್ಯವಹಾರದ ಭಾಷೆ ಯಾಕೆ ಮಾಡಬಾರದು ಅನ್ನೋ ಮಾತು ಎತ್ತಿದರು. ಹಾಪರ್ ಬೆನ್ನಿಗೆ ನಿಂತರು, ರಕ್ಷಣಾ ಇಲಾಖೆಯ ಚಾರ್ಲ್ಸ್ ಫಿಲಿಪ್ಸ್ ಅವರನ್ನ ಒಪ್ಪಿಸಿದರು. 1959ರ ಮೇ 28 ಮತ್ತು 29ರಂದು ಪೆಂಟಗನ್‌ನಲ್ಲಿ ಸಭೆ ಸೇರಿತು. ಒಬ್ಬರ ಮುಖ ಒಬ್ಬರು ನೋಡದ ಪೈಪೋಟಿಯ ಕಂಪನಿಗಳು ಒಂದೇ ಕೋಣೆಯಲ್ಲಿ ಕೂತವು.

ಹುಟ್ಟಿದ್ದು ಕೋಬಾಲ್. ಹಾಪರ್‌ರನ್ನ ಕೋಬಾಲ್ ತಾಯಿ ಅಂತ ಕರೆಯೋದುಂಟು. ಭಾಷೆಯ ವಿವರ ಬರೆದ ಸಮಿತಿಯಲ್ಲಿ ಅವರಿರಲಿಲ್ಲ, ಸಲಹೆಗಾರರಾಗಿದ್ದರು. ಜೀನ್ ಸ್ಯಾಮೆಟ್, ಬೆಟ್ಟಿ ಹೋಲ್ಬರ್ಟನ್ ಮುಂತಾದವರ ದುಡಿಮೆ ಅದರಲ್ಲಿದೆ. ಆದರೆ ಸಮಿತಿಯ ಮುಂದಿದ್ದ, ಆಗಲೇ ಓಡುತ್ತಿದ್ದ ಮಾದರಿ ಫ್ಲೋ-ಮ್ಯಾಟಿಕ್, ಹಾಗಾಗಿ ಕೋಬಾಲ್‌ನ ಮೈಕಟ್ಟು ಅದರದ್ದೇ. ಕೆಲಸ ನಿಧಾನ ಆಗ್ತಿದೆ ಅಂತ ಬೇಸತ್ತ ಹೊವರ್ಡ್ ಬ್ರೋಂಬರ್ಗ್ ಎಂಬ ಸದಸ್ಯ ಕೋಬಾಲ್ ಅಂತ ಕೆತ್ತಿಸಿದ ಒಂದು ಗೋರಿಕಲ್ಲನ್ನೇ ಕೊಂಡು ಫಿಲಿಪ್ಸ್ ಅವರಿಗೆ ಕಳಿಸಿಬಿಟ್ಟ. ಕೂಸು ಹುಟ್ಟೋ ಮುಂಚೆ ತಿಥಿ ಮಾಡಿದ ಹಾಗೆ. ಆ ಕಲ್ಲು ಮ್ಯೂಸಿಯಂ ಸೇರಿತು, ಕೋಬಾಲ್ ಇನ್ನೂ ಓಡುತ್ತಿದೆ.

1960ರ ಡಿಸೆಂಬರ್ 6 ಮತ್ತು 7ರಂದು ಒಂದೇ ಕೋಬಾಲ್ ಪ್ರೋಗ್ರಾಮನ್ನ ಎರಡು ಬೇರೆ ಬೇರೆ ಕಂಪನಿಗಳ ಕಂಪ್ಯೂಟರಿನಲ್ಲಿ, ಅಂದರೆ ಆರ್‌ಸಿಎ 501 ಮತ್ತು ಯೂನಿವ್ಯಾಕ್ 2ರಲ್ಲಿ, ಓಡಿಸಿ ತೋರಿಸಿದರು. ಅವತ್ತಿನ ಮಟ್ಟಿಗೆ ಇದು ಪವಾಡ. ಕೋಬಾಲ್ ಓಡದ ಕಂಪ್ಯೂಟರನ್ನ ನಾವು ಕೊಳ್ಳಲ್ಲ ಅಂತ ರಕ್ಷಣಾ ಇಲಾಖೆ ಕೂತುಬಿಟ್ಟಿತು. ಅಂಥ ಗಿರಾಕಿ ಕೈತಪ್ಪಿದರೆ ಗತಿ ಏನು? ಎಲ್ಲ ಕಂಪನಿಗಳೂ ಕೋಬಾಲ್ ಕೊಟ್ಟವು. ಕೋಬಾಲ್‌ನ ದಾಖಲೆಯಲ್ಲೇ ಒಂದು ಹೇಳಿಕೆ ಇದೆ. ಈ ಭಾಷೆ ಇಡೀ ಉದ್ಯಮದ್ದು, ಯಾವೊಂದು ಕಂಪನಿಯ ಆಸ್ತಿಯೂ ಅಲ್ಲ ಅನ್ನೋದು ಅದರ ಸಾರ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಆ ಒಂದು ಹೇಳಿಕೆ.

ತೂಕದ ಕಲ್ಲಿಗೆ ಮುದ್ರೆ

1966ರ ಕೊನೆಗೆ, 60 ವರ್ಷ ತುಂಬಿದ ಹಾಪರ್‌ರನ್ನ ನೌಕಾಪಡೆ ನಿವೃತ್ತಿ ಮಾಡಿತು. ಏಳೆಂಟು ತಿಂಗಳು ಕಳೆಯೋದರಲ್ಲಿ, 1967ರ ಆಗಸ್ಟಿನಲ್ಲಿ, ಆರು ತಿಂಗಳ ಮಟ್ಟಿಗೆ ಬನ್ನಿ ಅಂತ ವಾಪಸ್ ಕರೆಯಿತು. ಆ ಆರು ತಿಂಗಳು ಮುಗಿದದ್ದು 19 ವರ್ಷದ ಮೇಲೆ.

ಕರೆದದ್ದು ಯಾಕೆ? ಹೆಸರಿಗೆ ಎಲ್ಲರದೂ ಕೋಬಾಲ್, ಒಳಗೆ ಮಾತ್ರ ಒಬ್ಬೊಬ್ಬ ಕಂಪನಿಯೂ ತನಗೆ ಬೇಕಾದ ವಿಶೇಷ ಸೇರಿಸಿಕೊಂಡಿತ್ತು. ಗ್ರಾಹಕ ಆ ವಿಶೇಷಕ್ಕೆ ಮರುಳಾಗಿ ಬಳಸಿದರೆ ಮತ್ತೆ ಅದೇ ಕಂಪನಿಯ ಬಲೆಗೆ ಬಿದ್ದ ಹಾಗೆ. ಹಾಪರ್ ತಂಡ ಪರೀಕ್ಷಾ ಪ್ರೋಗ್ರಾಮುಗಳ ಒಂದು ಕಟ್ಟನ್ನೇ ಬರೆಯಿತು. ಕಂಪೈಲರ್ ತಂದುಕೊಟ್ಟವರು ಈ ಪರೀಕ್ಷೆ ಪಾಸಾಗಬೇಕು. ನಮ್ಮ ಮಾವನ ಅಂಗಡಿಯ ತಕ್ಕಡಿಗೆ ಕಾನೂನು ಮಾಪನ ಇಲಾಖೆಯವರು ಮುದ್ರೆ ಹಾಕ್ತಾರಲ್ಲ, ಹಾಗೆ. ಮುದ್ರೆ ಇಲ್ಲದ ಕಲ್ಲಿನಲ್ಲಿ ತೂಗಿದರೆ ದಂಡ. ಸ್ಟ್ಯಾಂಡರ್ಡ್ ಅಂತ ಕಾಗದದ ಮೇಲೆ ಬರೆದರೆ ಸಾಲದು, ತೂಗಿ ನೋಡೋರು ಒಬ್ಬರು ಬೇಕು ಅನ್ನೋದನ್ನ ಸಾಫ್ಟ್‌ವೇರ್ ಲೋಕಕ್ಕೆ ಕಲಿಸಿದವರಲ್ಲಿ ಇವರು ಮೊದಲಿಗರು.

ಇದೇ ಕಾಲಕ್ಕೆ ನಮ್ಮ ದೇಶದಲ್ಲೇ ಒಂದು ಪಾಠ ನಡೆಯಿತು. ವಿದೇಶಿ ಕಂಪನಿಗಳ ಪಾಲು ಕಡಿಮೆ ಮಾಡಬೇಕು ಅನ್ನೋ ನಿಯಮಕ್ಕೆ ಒಪ್ಪದೆ ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೊರಟಿತು. ಅದರ ಯಂತ್ರ ಇಟ್ಟುಕೊಂಡಿದ್ದ ಕಚೇರಿ, ಕಾರ್ಖಾನೆಗಳ ಗತಿ? ಅವನ್ನ ನೋಡಿಕೊಳ್ಳೋ ಹೊಣೆ ಸಿಎಂಸಿ ಎಂಬ ಸರ್ಕಾರಿ ಕಂಪನಿಯ ಹೆಗಲಿಗೆ ಬಿತ್ತು. ಫಾಕ್ಸ್‌ಪ್ರೋ ಹುಡುಗ ಊರು ಬಿಟ್ಟಾಗ ನಮ್ಮ ಮಾವನಿಗೆ ಅಂಥ ಸಿಎಂಸಿ ಯಾವುದೂ ಇರಲಿಲ್ಲ.

ಹಾಪರ್ ದೇಶ ತಿರುಗಿ ಭಾಷಣ ಮಾಡುತ್ತಿದ್ದರು. ಹೋದಲ್ಲೆಲ್ಲ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನ ಹಂಚೋರು. ಒಂದು ನ್ಯಾನೋ ಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಎಷ್ಟು ದೂರ ಹೋಗಬಹುದು ಅನ್ನೋದರ ಅಳತೆ ಅದು. ಕಮ್ಯುನಿಕೇಷನ್ ಪಾಠದಲ್ಲಿ ಒಂದು ಗಂಟೆ ಹೇಳಿದರೂ ತಲೆಗೆ ಹತ್ತದ್ದು ಕೈಗೆ ಒಂದು ತಂತಿ ಕೊಟ್ಟರೆ ಹತ್ತುತ್ತೆ. ಅವರ ಆಫೀಸಿನ ಗೋಡೆ ಗಡಿಯಾರ ಹಿಂದು ಹಿಂದಕ್ಕೆ ತಿರುಗುತ್ತಿತ್ತು, ಸಮಯ ಮಾತ್ರ ಸರಿ ತೋರಿಸುತ್ತಿತ್ತು. ಮೊದಲಿಂದ ಹೀಗೇ ಮಾಡ್ಕೊಂಡು ಬಂದಿದ್ದೀವಿ ಅನ್ನೋರಿಗೆ ಅದೇ ಉತ್ತರ.

1973ರಲ್ಲಿ ಕ್ಯಾಪ್ಟನ್, 1983ರಲ್ಲಿ ಕಮೊಡೋರ್, 1985ರಲ್ಲಿ ರಿಯರ್ ಅಡ್ಮಿರಲ್. 1986ರ ಆಗಸ್ಟ್ 14ರಂದು, 80ಕ್ಕೆ ಕೆಲವೇ ತಿಂಗಳು ಬಾಕಿ ಇರುವಾಗ, ಬಾಸ್ಟನ್‌ನಲ್ಲಿ ನಿಂತಿದ್ದ ಕಾನ್‌ಸ್ಟಿಟ್ಯೂಷನ್ ಹಡಗಿನ ಮೇಲೆ ಅವರ ಕೊನೇ ನಿವೃತ್ತಿ. ಆಗ ಸೇವೆಯಲ್ಲಿದ್ದ ಅಧಿಕಾರಿಗಳಲ್ಲೆಲ್ಲ ಅವರೇ ಹಿರಿಯರು. ಆ ಹಡಗು ಇನ್ನೂ ಹಳೇದು, ನೀರಿಗಿಳಿದದ್ದು 1797ರಲ್ಲಿ. ನಮ್ಮ ಶ್ರೀರಂಗಪಟ್ಟಣದ ಕೋಟೆ ಬೀಳೋಕೆ ಎರಡು ವರ್ಷ ಮುಂಚೆ. ಆಮೇಲೂ ಅಜ್ಜಿ ಮನೆಯಲ್ಲಿ ಕೂರಲಿಲ್ಲ. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರರಾಗಿ ದುಡಿದರು. 1992ರ ಜನವರಿ 1ರಂದು ನಿದ್ದೆಯಲ್ಲೇ ತೀರಿಕೊಂಡರು. ಮುಂದೆ ಒಂದು ಯುದ್ಧನೌಕೆಗೆ ಅವರ ಹೆಸರಿಟ್ಟರು, 2016ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವೂ ಮರಣೋತ್ತರವಾಗಿ ಬಂತು.

ಏನು ಉಳಿಯಿತು, ಏನು ಹೋಯಿತು

ಹಾಪರ್ ಕೆಲಸ ಮಾಡಿದ ಕಂಪನಿಗಳ ಲೆಕ್ಕ ಹಾಕಿ. ಎಕರ್ಟ್-ಮಾಕ್ಲಿ ರೆಮಿಂಗ್ಟನ್ ರ‍್ಯಾಂಡ್ ಆಯಿತು, ಅದು 1955ರಲ್ಲಿ ಸ್ಪೆರ್ರಿ ರ‍್ಯಾಂಡ್ ಆಯಿತು, 1986ರಲ್ಲಿ ಬರೋಸ್ ಜೊತೆ ಸೇರಿ ಯೂನಿಸಿಸ್ ಆಯಿತು. ಡಿಜಿಟಲ್ ಕಂಪನಿಯನ್ನ 1998ರಲ್ಲಿ ಕಾಂಪ್ಯಾಕ್ ನುಂಗಿತು, ಕಾಂಪ್ಯಾಕ್‌ನ ಎಚ್‌ಪಿ ನುಂಗಿತು. ಫ್ಲೋ-ಮ್ಯಾಟಿಕ್ ಒಂದು ಕಂಪನಿಯ ಸ್ವತ್ತಾಗಿತ್ತು, ಇವತ್ತು ಚರಿತ್ರೆ ಪುಸ್ತಕದಲ್ಲಿ ಮಾತ್ರ ಇದೆ. ಯಾರ ಸ್ವತ್ತೂ ಅಲ್ಲದ ಕೋಬಾಲ್ ಬ್ಯಾಂಕುಗಳಲ್ಲಿ ಇವತ್ತಿಗೂ ದುಡೀತಿದೆ. 2000ನೇ ಇಸವಿಯ ವೈ2ಕೆ ಗಲಾಟೆಯಲ್ಲಿ ನಮ್ಮ ದೇಶದ ಎಷ್ಟೋ ಕಂಪನಿಗಳು ಬೆಳೆದದ್ದೇ ಹಳೇ ಕೋಬಾಲ್ ಪ್ರೋಗ್ರಾಮ್ ರಿಪೇರಿ ಮಾಡಿ. ರಿಪೇರಿ ಸಾಧ್ಯವಾದದ್ದು ಕೋಡ್ ಕೈಯಲ್ಲಿತ್ತು, ಭಾಷೆ ಬದುಕಿತ್ತು ಅನ್ನೋ ಕಾರಣಕ್ಕೆ.

ಹಾಗಂತ ಅಜ್ಜಿ ಮಾಡಿದ್ದೆಲ್ಲ ಚೆಂದ ಅನ್ನೋಕಾಗಲ್ಲ. ಕೋಬಾಲ್‌ನ ಉದ್ದುದ್ದ ವಾಕ್ಯಗಳನ್ನ ಬೈಯದವರಿಲ್ಲ. ಮುಕ್ತ ಭಾಷೆ ಆದರೂ ಬಲ್ಲವರು ಬೇಕಲ್ಲ. 2020ರಲ್ಲಿ ಕೊರೊನಾ ಬಂದಾಗ ನಿರುದ್ಯೋಗ ಭತ್ಯೆಯ ಹಳೇ ಕಂಪ್ಯೂಟರಿಗಾಗಿ ನ್ಯೂಜೆರ್ಸಿ ರಾಜ್ಯ ಕೋಬಾಲ್ ಬಲ್ಲವರು ಬೇಕು ಅಂತ ಬಹಿರಂಗವಾಗಿ ಕೇಳಬೇಕಾಯಿತು. ಭಾಷೆ ಉಳಿದರೂ ಕಲಿಸೋದು ಬಿಟ್ಟರೆ ಅದೇ ಪಾಡು.

ಈಗ ಕೆ.ಆರ್. ಪೇಟೆಗೆ ಬರೋಣ. ಫಾಕ್ಸ್‌ಪ್ರೋ ಹೋದರೂ ಅದು ಲೆಕ್ಕ ಬರೆದಿಡೋ ಡಿಬಿಎಫ್ ಫೈಲಿನ ರೀತಿ ಎಲ್ಲರಿಗೂ ತಿಳಿದದ್ದು. ಅದೇ ನಮ್ಮ ಪುಣ್ಯ. ಮೊದಲು ಹಾರ್ಡ್‌ಡಿಸ್ಕ್ ಕಾಪಿ ಮಾಡಿಕೊಂಡ್ವಿ. ಲಿಬ್ರೆ ಆಫೀಸಿನಲ್ಲಿ ಡಿಬಿಎಫ್ ತೆರೆದ್ವಿ, ತೆರೆಯಿತು! ರೈತರ ಹೆಸರು, ಚೀಲ, ತಾರೀಖು, ಬಾಕಿ ಎಲ್ಲ ಸಾಲಾಗಿ ಬಂತು. ಮಾವ ತಮ್ಮ ಕೆಂಪು ಖಾತೆ ಪುಸ್ತಕ ತಂದು ಒಂದೊಂದೇ ಬಾಕಿ ತಾಳೆ ನೋಡಿದರು. ಎರಡು ಸಂಜೆ ಬೇಕಾಯಿತು. ಆಮೇಲೆ ಪೈಥಾನ್ ಮತ್ತು ಎಸ್‌ಕ್ಯೂಲೈಟ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದ್ವಿ. ಕನ್ನಡದ ಹೆಸರು ಯೂನಿಕೋಡ್‌ನಲ್ಲಿ, ಹಾಗಾಗಿ ಯಾವ ಕಂಪ್ಯೂಟರಿಗೆ ಹಾಕಿದರೂ ಕನ್ನಡವಾಗೇ ಕಾಣುತ್ತೆ.

ಉಳಿದ ಮೂರೂ ಕಡೆ ಹಾಗಾಗಲಿಲ್ಲ. ಲಾಡ್ಜಿನವರು ಒಂದು ರೆಡಿಮೇಡ್ ಸಾಫ್ಟ್‌ವೇರ್ ಕೊಂಡರು, ಹಳೇ ಲೆಕ್ಕ ಅಲ್ಲೇ ಬಿಟ್ಟರು. ಡಿಟಿಪಿ ಅಂಗಡಿಗೆ ಫಾಂಟ್ ಬದಲಿಸೋ ವಿಧಾನ ತೋರಿಸಿಕೊಟ್ಟು ಬಂದಳು ನಮ್ಮ ಗೆಳತಿ, ಹೊಸ ಕಾರ್ಡುಗಳು ಈಗ ಯೂನಿಕೋಡ್‌ನಲ್ಲಿ. ನಾಗಮಂಗಲದ ಕೊಬ್ಬರಿ ಅಂಗಡಿಯ ಯಜಮಾನರು ಮಾತ್ರ ಕಾಫಿ ಕುಡಿಸಿ ಕಳಿಸಿದರು. ಓಡ್ತಾ ಇರೋದನ್ನ ಯಾಕಪ್ಪ ಮುಟ್ತೀರಿ ಅಂದರಂತೆ. ಆ ಮಾತಲ್ಲೂ ತಪ್ಪಿಲ್ಲ. ಆದರೆ ಆ ಕಂಪ್ಯೂಟರ್ ನಿಂತ ದಿನ ಏನು ಮಾಡೋದು ಅನ್ನೋದಕ್ಕೆ ಅವರ ಹತ್ತಿರವೂ ಉತ್ತರ ಇಲ್ಲ, ನಮ್ಮ ಹತ್ತಿರವೂ ಇಲ್ಲ.

ನಾಳೆ ನಾವು ಯಾರಿಗೋ ಸಾಫ್ಟ್‌ವೇರ್ ಬರೆದುಕೊಡ್ತೀವಿ. ಊರಿನ ಅಂಗಡಿಗೇ ಇರಲಿ, ಬೆಂಗಳೂರಿನ ಕಂಪನಿಗೇ ಇರಲಿ. ಆಮೇಲೆ ಕೆಲಸ ಬದಲಾಯಿಸ್ತೀವಿ, ಊರು ಬಿಡ್ತೀವಿ, ಫೋನ್ ನಂಬರ್ ಬದಲಾಗುತ್ತೆ. ನಾವೂ ಆ ಫಾಕ್ಸ್‌ಪ್ರೋ ಹುಡುಗರೇ. ಅವನು ಕೆಟ್ಟವನಲ್ಲ, ಕೊಡಬೇಕಾದ್ದು ಏನು ಅಂತ ಅವನಿಗೆ ಯಾರೂ ಹೇಳಿರಲಿಲ್ಲ ಅಷ್ಟೆ. ನಮಗೆ ಈ ಅಜ್ಜಿ ಹೇಳಿದ್ದಾರೆ. ಸೋರ್ಸ್ ಕೋಡ್ ಕೊಡಿ. ಲೆಕ್ಕವನ್ನ ಯಾರು ಬೇಕಾದರೂ ತೆರೆಯಬಹುದಾದ ಫೈಲಿನಲ್ಲಿ ಇಡಿ. ಒಂದು ಕೈಪಿಡಿ ಬರೆಯಿರಿ, 500 ಪುಟ ಬೇಡ, ಐದು ಪುಟ ಸಾಕು.

ನಾವು ಮಾವನಿಗೆ ಸೋರ್ಸ್ ಕೋಡ್ ಇರೋ ಒಂದು ಪೆನ್ ಡ್ರೈವ್, ಜೊತೆಗೆ ಏಳು ಪುಟದ ಪ್ರಿಂಟ್ ಕೊಟ್ಟು ಬಂದೆವು. ಅದರಲ್ಲಿ ಏನಿದೆ ಅಂತ ಅವರಿಗೆ ಅರ್ಥ ಆಗಲಿಲ್ಲ. ಮುಂದೆ ಯಾರಾದರೂ ರಿಪೇರಿಗೆ ಬಂದರೆ ಇದನ್ನ ಕೊಡಿ ಅಂದೆ. ಎರಡನ್ನೂ ಒಂದು ಕವರಿಗೆ ಹಾಕಿ, ಬೀರು ತೆಗೆದು, ಜಮೀನಿನ ಪಹಣಿ ಇಟ್ಟಿರೋ ಖಾನೆಯಲ್ಲಿ ಇಟ್ಟು ಬೀಗ ಹಾಕಿದರು.